ಲಿವರ್ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಬಯಾಪ್ಸಿ ರಿಪೋರ್ಟ್ ಏನು ಹೇಳುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಲಿವರ್‌ನಿಂದ ಗಡ್ಡೆ ತೆಗೆದ ಕೆಲವು ದಿನಗಳಿಗೆ ಎರಡು ಮೂರು ಪುಟದ ರಿಪೋರ್ಟ್ ಕೈಗೆ ಬರುತ್ತದೆ. ಮನೆಯವರಿಗೆ ಬೇಕಿರುವುದು ಒಂದೇ ಉತ್ತರ: ಮತ್ತೆ ಬರುತ್ತಾ, ಬರಲ್ವಾ? ಆ ಸಾಲೊಂದು ಮಾತ್ರ ರಿಪೋರ್ಟ್‌ನಲ್ಲಿ ಇರುವುದಿಲ್ಲ. ಆದರೆ ಅದರ ಸುಳಿವುಗಳು ಅಲ್ಲಲ್ಲಿ ಸಿಗುತ್ತವೆ. ಯಾವ ಸುಳಿವಿಗೆ ಬೆಲೆ ಜಾಸ್ತಿ, ಯಾವುದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಚಿಕಿತ್ಸೆಯ ನಿರ್ಧಾರ ನಿಮ್ಮ ಡಾಕ್ಟರ್ ಜೊತೆ ಕೂತೇ ಆಗಬೇಕು. ಹಾಗೆ ಕೂತಾಗ ಏನು ಕೇಳಬೇಕು ಎಂದು ಗೊತ್ತಿರಲಿ ಅಂತ ಇದು.

ಲಿವರ್ ಕ್ಯಾನ್ಸರ್ ಅಂದರೆ ಎಲ್ಲ ಒಂದೇ ಅಲ್ವಾ?

ಅಲ್ಲ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು, ಅಂದರೆ 100ರಲ್ಲಿ 75ರಿಂದ 85, ಹೆಪಟೊಸೆಲ್ಯುಲರ್ ಕಾರ್ಸಿನೋಮ. ಡಾಕ್ಟರುಗಳು ಚಿಕ್ಕದಾಗಿ ಎಚ್‌ಸಿಸಿ ಅನ್ನುತ್ತಾರೆ. ಎರಡನೆಯದು ಪಿತ್ತನಾಳದ ಕೋಶಗಳಿಂದ ಬರುವ ಕೊಲಾಂಜಿಯೊಕಾರ್ಸಿನೋಮ. ಇನ್ನು ದೊಡ್ಡ ಕರುಳಿನಿಂದಲೋ ಬೇರೆಡೆಯಿಂದಲೋ ಲಿವರ್‌ಗೆ ಹರಡಿ ಬಂದ ಗಡ್ಡೆಯನ್ನೂ ಜನ ಲಿವರ್ ಕ್ಯಾನ್ಸರ್ ಎಂದೇ ಕರೆಯುತ್ತಾರೆ. ಇವು ಮೂರರ ಲೆಕ್ಕಾಚಾರವೂ ಬೇರೆ ಬೇರೆ. ಕರುಳಿನಿಂದ ಬಂದಿದ್ದರೆ ಕೆಆರ್‌ಎಎಸ್, ಬಿಆರ್‌ಎಎಫ್ ಜೀನ್ ನೋಡುತ್ತಾರೆ. ಪಿತ್ತನಾಳದ್ದಾದರೆ ಐಡಿಎಚ್1, ಎಫ್‌ಜಿಎಫ್‌ಆರ್2 ನೋಡುತ್ತಾರೆ, ಅವುಗಳಿಗೆ ಹೊಂದುವ ಮಾತ್ರೆಗಳೂ ಇವೆ. ಪಕ್ಕದ ಮನೆಯವರ ರಿಪೋರ್ಟ್ ಜೊತೆ ನಿಮ್ಮದನ್ನು ಹೋಲಿಸುವ ಮೊದಲು ಎರಡೂ ಒಂದೇ ಕಾಯಿಲೆಯಾ ಎಂದು ನೋಡಿಕೊಳ್ಳಿ. ಇಲ್ಲಿ ಮುಂದೆ ಹೇಳುವುದೆಲ್ಲ ಎಚ್‌ಸಿಸಿ ಬಗ್ಗೆ.

ಗಡ್ಡೆ ಪೂರ್ತಿ ತೆಗೆದಿದ್ದಾರೆ. ಮತ್ತೆ ಯಾಕೆ ಬರುತ್ತದೆ?

ಹೊಲದ ಬದುವಿನಲ್ಲಿ ಒಂದು ಕಾಂಗ್ರೆಸ್ ಗಿಡ ಕಿತ್ತಿರಿ ಅಂದುಕೊಳ್ಳಿ. ಬೇರು ಸಮೇತ ಬಂತು. ಆದರೂ ಅಲ್ಲಿ ಮತ್ತೆ ಗಿಡ ಕಾಣಿಸಿಕೊಳ್ಳಲು ಎರಡು ದಾರಿ ಇದೆ. ಕೀಳುವ ಮೊದಲೇ ಅದರ ಬೀಜ ಅಕ್ಕಪಕ್ಕ ಉದುರಿರಬಹುದು. ಇಲ್ಲವೇ ಆ ನೆಲವೇ ಅಂಥದ್ದು, ಹಳೆಯ ಗಿಡಕ್ಕೆ ಸಂಬಂಧವೇ ಇಲ್ಲದ ಹೊಸ ಗಿಡ ಅಲ್ಲಿ ಹುಟ್ಟಬಹುದು.

ಲಿವರ್‌ನಲ್ಲೂ ಹೀಗೇ. ಆಪರೇಷನ್ ಆದ ಐದು ವರ್ಷದೊಳಗೆ 100ರಲ್ಲಿ 70 ಜನರವರೆಗೆ ಎಚ್‌ಸಿಸಿ ಮತ್ತೆ ಕಾಣಿಸಿಕೊಳ್ಳಬಹುದು. ಮೊದಲ ಎರಡು ವರ್ಷದೊಳಗೆ ಬಂದರೆ ಸಾಮಾನ್ಯವಾಗಿ ಅದು ಹಳೆಯ ಗಡ್ಡೆಯಿಂದ ಉದುರಿದ ಬೀಜ. ಎರಡು ವರ್ಷ ದಾಟಿದ ಮೇಲೆ ಬಂದರೆ ಬಹುತೇಕ ಹೊಸ ಗಡ್ಡೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಕುಡಿತ, ಫ್ಯಾಟಿ ಲಿವರ್ ಇವುಗಳಿಂದ ಹಾಳಾದ ನೆಲದಲ್ಲಿ ಅದು ಹುಟ್ಟಿಕೊಂಡಿರುತ್ತದೆ. ಈ ಎರಡು ವರ್ಷದ ಗೆರೆ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಅಂದಾಜಿನದು.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ರಿಪೋರ್ಟ್ ಓದುವುದು ಸಲೀಸು. ಕೆಲವು ಸಾಲುಗಳು ಬೀಜದ ಬಗ್ಗೆ ಹೇಳುತ್ತವೆ, ಕೆಲವು ನೆಲದ ಬಗ್ಗೆ. ನಮ್ಮ ಜನ ಬೀಜದ ಸಾಲುಗಳನ್ನಷ್ಟೇ ಓದಿ ರಿಪೋರ್ಟ್ ಮಡಚಿಡುತ್ತಾರೆ.

ಮಾರ್ಕರ್ ಅಂದರೆ ರಕ್ತದಲ್ಲಿ ನೋಡುವ ಎಎಫ್‌ಪಿ ಅಲ್ವಾ?

ಕಾಯಿಲೆಯ ಬಗ್ಗೆ ಸುಳಿವು ಕೊಡುವ ಯಾವುದೇ ಗುರುತಿಗೆ ಮಾರ್ಕರ್ ಅನ್ನುತ್ತಾರೆ. ರಕ್ತದಲ್ಲಿ ಅಳೆಯುವ ಎಎಫ್‌ಪಿ ಎಂಬ ಪ್ರೋಟೀನ್ ಕೂಡ ಮಾರ್ಕರೇ. ಆಪರೇಷನ್‌ಗೆ ಮೊದಲು ಎಎಫ್‌ಪಿ ಏರಿದ್ದರೆ ಆಮೇಲೆ ಇಳಿಯಬೇಕು. ಇಳಿಯದೇ ನಿಂತರೆ ಅಥವಾ ಇಳಿದು ಮತ್ತೆ ಏರಿದರೆ ಎಲ್ಲೋ ಏನೋ ಉಳಿದಿದೆ ಎಂಬ ಅನುಮಾನ ಬರುತ್ತದೆ. ಆದರೆ ಇಲ್ಲಿ ನಾವು ಮಾತಾಡುತ್ತಿರುವುದು ತೆಗೆದ ತುಂಡಿನ ಒಳಗೇ ಸಿಗುವ ಗುರುತುಗಳ ಬಗ್ಗೆ. ಮೈಕ್ರೋಸ್ಕೋಪ್‌ನಲ್ಲಿ ಕಾಣುವ ಆಕಾರ, ಬಣ್ಣ ಹಾಕಿದಾಗ ಕಾಣುವ ಪ್ರೋಟೀನ್, ಜೀನ್‌ನಲ್ಲಿ ಆದ ಬದಲಾವಣೆ, ಎಲ್ಲವೂ ಇದರಲ್ಲಿ ಬರುತ್ತದೆ.

ರಿಪೋರ್ಟ್‌ನಲ್ಲಿ ಮೊದಲು ಯಾವ ಸಾಲು ನೋಡಬೇಕು?

ಮೈಕ್ರೋವ್ಯಾಸ್ಕುಲರ್ ಇನ್ವೇಷನ್. ಚಿಕ್ಕದಾಗಿ ಎಂವಿಐ ಅಂತಲೂ ಬರೆದಿರುತ್ತಾರೆ. ಗಡ್ಡೆಯ ಸುತ್ತಲಿನ ಸಣ್ಣ ರಕ್ತನಾಳಗಳ ಒಳಗೆ ಕ್ಯಾನ್ಸರ್ ಕೋಶಗಳು ನುಗ್ಗಿವೆಯಾ ಎಂಬ ಪ್ರಶ್ನೆ ಇದು. ಸ್ಕ್ಯಾನ್‌ನಲ್ಲಿ ಇದು ನೇರವಾಗಿ ಕಾಣುವುದಿಲ್ಲ, ಸರ್ಜನ್ ಕಣ್ಣಿಗೂ ಕಾಣುವುದಿಲ್ಲ. ಮೈಕ್ರೋಸ್ಕೋಪ್ ಕೆಳಗೆ ಮಾತ್ರ ಕಾಣುತ್ತದೆ. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ ಬೀಜ ಉದುರುವ ದಾರಿ ತೆರೆದಿತ್ತು ಎಂಬುದಕ್ಕೆ ಸಾಕ್ಷಿ. ಬೇಗ ಮರುಕಳಿಸುವ ಅಪಾಯವನ್ನು ಹೇಳುವುದರಲ್ಲಿ ಇಷ್ಟು ವರ್ಷ, ಇಷ್ಟು ದೇಶಗಳ ಪರೀಕ್ಷೆಯಲ್ಲಿ ಗೆದ್ದು ನಿಂತ ಗುರುತು ಇದು. ದುಬಾರಿ ಜೀನ್ ಪರೀಕ್ಷೆ ಏನೂ ಬೇಡ, ಮಾಮೂಲಿ ಗುಲಾಬಿ-ನೇರಳೆ ಬಣ್ಣದ ಸ್ಲೈಡ್ ಸಾಕು.

ಸ್ಟೇಜ್ ಲೆಕ್ಕದಲ್ಲೂ ಇದು ಬರುತ್ತದೆ. ಎಜೆಸಿಸಿ ಎಂಬ ಅಮೆರಿಕದ ಸಂಸ್ಥೆ ಮಾಡಿದ ಸ್ಟೇಜ್ ಲೆಕ್ಕದ ಎಂಟನೇ ಆವೃತ್ತಿಯ ಪ್ರಕಾರ ಎರಡು ಸೆಂಟಿಮೀಟರ್‌ಗಿಂತ ದೊಡ್ಡ ಒಂಟಿ ಗಡ್ಡೆಯಲ್ಲಿ ರಕ್ತನಾಳಕ್ಕೆ ನುಗ್ಗಿಲ್ಲದಿದ್ದರೆ ಟಿ1ಬಿ, ನುಗ್ಗಿದ್ದರೆ ಟಿ2. ಎರಡು ಸೆಂಟಿಮೀಟರ್ ಅಥವಾ ಅದಕ್ಕಿಂತ ಚಿಕ್ಕ ಒಂಟಿ ಗಡ್ಡೆಯಾದರೆ ನುಗ್ಗಿದರೂ ಬಿಟ್ಟರೂ ಟಿ1ಎ. ಟಿ ಅಂಕಿ ಏರಿದಷ್ಟೂ ಗಡ್ಡೆ ಮುಂದುವರಿದಿದೆ ಎಂದು ಅರ್ಥ.

ಒಂದು ತೊಡಕಿದೆ. ಎಂವಿಐ ಸಿಗುವುದು ಹುಡುಕಿದಷ್ಟೇ. ಗಡ್ಡೆಯ ಮಧ್ಯದಿಂದ ಎರಡು ತುಂಡು ತೆಗೆದು ನೋಡಿದರೆ ಸಿಗದೇ ಹೋಗಬಹುದು, ಯಾಕೆಂದರೆ ಅದು ಇರುವುದು ಅಂಚಿನಲ್ಲಿ. ಅದಕ್ಕೇ ಚೀನಾದ ಪ್ಯಾಥಾಲಜಿಸ್ಟ್‌ಗಳು (ತೆಗೆದ ತುಂಡನ್ನು ಪರೀಕ್ಷಿಸಿ ರಿಪೋರ್ಟ್ ಬರೆಯುವ ಡಾಕ್ಟರುಗಳು) ಏಳು ಜಾಗದ ನಿಯಮ ಮಾಡಿಕೊಂಡರು. ಗಡಿಯಾರದ 12, 3, 6, 9 ಗಂಟೆ ಇರುವ ಕಡೆ ಗಡ್ಡೆಯ ಅಂಚಿನಿಂದ ನಾಲ್ಕು ತುಂಡು, ಗಡ್ಡೆಯ ಒಳಗಿನಿಂದ ಒಂದು, ಗಡ್ಡೆಯಿಂದ ಒಂದು ಸೆಂಟಿಮೀಟರ್ ಒಳಗಿನ ಪಕ್ಕದ ಲಿವರ್‌ನಿಂದ ಒಂದು, ಅದಕ್ಕಿಂತ ದೂರದ್ದು ಒಂದು. ಇವಿಷ್ಟು ಕನಿಷ್ಠ. ನುಗ್ಗಿರುವುದು ಐದು ಅಥವಾ ಅದಕ್ಕಿಂತ ಕಡಿಮೆ ಕಡೆ, ಅದೂ ಒಂದು ಸೆಂಟಿಮೀಟರ್ ಒಳಗೆ ಇದ್ದರೆ ಎಂ1. ಅದಕ್ಕಿಂತ ಹೆಚ್ಚು ಕಡೆ ಅಥವಾ ದೂರ ಹೋಗಿದ್ದರೆ ಎಂ2. ಏನೂ ಇಲ್ಲದಿದ್ದರೆ ಎಂ0. ನಿಮ್ಮ ರಿಪೋರ್ಟ್‌ನಲ್ಲಿ 'ಎಂವಿಐ ಇಲ್ಲ' ಎಂದಿದ್ದರೆ ಎಷ್ಟು ತುಂಡು ನೋಡಿದ್ದಾರೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಪ್ಯಾಥಾಲಜಿಸ್ಟ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಂವಿಐ ಇದೆ ಅಂತ ಬಂದಿದೆ. ಹಾಗಾದರೆ ಮುಗಿದೇ ಹೋಯ್ತಾ?

ಇಲ್ಲ. ಅಪಾಯ ಜಾಸ್ತಿ ಎಂದು ಅರ್ಥ, ಖಂಡಿತ ಬರುತ್ತದೆ ಎಂದಲ್ಲ. ಎಂವಿಐ ಇದ್ದೂ ವರ್ಷಗಟ್ಟಲೆ ಚೆನ್ನಾಗಿರುವವರು ಇದ್ದಾರೆ, ಇಲ್ಲದೆಯೂ ಮರುಕಳಿಸಿದವರು ಇದ್ದಾರೆ. ಯಾವ ಮಾರ್ಕರ್ ಆದರೂ ಗುಂಪಿನ ಬಗ್ಗೆ ಮಾತಾಡುತ್ತದೆ. ನಿಮ್ಮ ಮನೆಯ ಒಬ್ಬರ ಬಗ್ಗೆ ಅದಕ್ಕೆ ಗೊತ್ತಿಲ್ಲ.

ಗ್ರೇಡ್ ಅಂದರೇನು? 'ಮಾಡರೇಟ್ಲಿ ಡಿಫರೆನ್ಶಿಯೇಟೆಡ್' ಅಂದರೆ ಒಳ್ಳೆಯದಾ ಕೆಟ್ಟದ್ದಾ?

ಕ್ಯಾನ್ಸರ್ ಕೋಶಗಳು ಮಾಮೂಲಿ ಲಿವರ್ ಕೋಶಗಳನ್ನು ಎಷ್ಟು ಹೋಲುತ್ತವೆ ಎಂಬ ಅಳತೆ. ಚೆನ್ನಾಗಿ ಹೋಲಿದರೆ 'ವೆಲ್', ಅಷ್ಟಕ್ಕಷ್ಟೇ ಆದರೆ 'ಮಾಡರೇಟ್', ಗುರುತೇ ಸಿಗದಷ್ಟು ಕೆಟ್ಟಿದ್ದರೆ 'ಪೂರ್'. ಎಡ್ಮಂಡ್ಸನ್-ಸ್ಟೈನರ್ ಎಂದು ನಾಲ್ಕು ಮೆಟ್ಟಿಲಿನ ಲೆಕ್ಕ ಕೂಡ ಇರುತ್ತದೆ. 1954ರಲ್ಲಿ ಬಂದದ್ದು, ಇಂದಿಗೂ ಬಳಕೆಯಲ್ಲಿದೆ. ಹೆಚ್ಚಿನ ರಿಪೋರ್ಟ್‌ಗಳು ಮಾಡರೇಟ್ ಎಂದೇ ಬರುತ್ತವೆ, ಅದರಿಂದ ದೊಡ್ಡ ಮಾಹಿತಿ ಸಿಗುವುದಿಲ್ಲ. ಪೂರ್ ಎಂದಿದ್ದರೆ ಗಮನ ಕೊಡಬೇಕು.

ಗ್ರೇಡ್‌ಗಿಂತ ನನಗೆ ಹೆಚ್ಚು ಉಪಯೋಗ ಅನ್ನಿಸುವುದು ಒಳಜಾತಿಯ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಪಟ್ಟಿಯಲ್ಲಿ ಎಚ್‌ಸಿಸಿಯ ಹಲವು ಒಳಜಾತಿಗಳಿವೆ. 'ಮ್ಯಾಕ್ರೊಟ್ರಬೆಕ್ಯುಲರ್ ಮ್ಯಾಸಿವ್' ಎಂದು ಬರೆದಿದ್ದರೆ ಅದು ಒರಟು ಜಾತಿ, ಬೇಗ ಮರುಕಳಿಸುವ ಸ್ವಭಾವದ್ದು. ಕೋಶಗಳು ದಪ್ಪ ದಪ್ಪ ಪಟ್ಟಿಗಳಾಗಿ ಬೆಳೆದಿರುತ್ತವೆ. ಇಂಥದ್ದರಲ್ಲಿ ಟಿಪಿ53 ಜೀನ್ ಕೆಟ್ಟಿರುವುದು ಹೆಚ್ಚು. ಲಿಂಫೋಸೈಟ್ ತುಂಬಿದ ಒಳಜಾತಿ ಇದಕ್ಕೆ ತದ್ವಿರುದ್ಧ, ಅದರ ನಡವಳಿಕೆ ಹಲವು ಅಧ್ಯಯನಗಳಲ್ಲಿ ಮೃದುವಾಗಿ ಕಂಡಿದೆ.

ಇನ್ನೊಂದು ವಿಚಿತ್ರ ಚಿತ್ರ ಇದೆ, ಹೆಸರು ವಿಇಟಿಸಿ. ಕ್ಯಾನ್ಸರ್ ಕೋಶಗಳ ಗುಂಪಿನ ಸುತ್ತ ರಕ್ತನಾಳವೇ ಚೀಲದ ಹಾಗೆ ಸುತ್ತಿಕೊಂಡಿರುತ್ತದೆ. ಸಿಡಿ34 ಎಂಬ ಬಣ್ಣ ಹಾಕಿದರೆ ಬಲೆಯಂತೆ ಎದ್ದು ಕಾಣುತ್ತದೆ. ಮಾಮೂಲಿಯಾಗಿ ಕ್ಯಾನ್ಸರ್ ಕೋಶ ರಕ್ತನಾಳದ ಗೋಡೆ ಕೊರೆದು ಒಳಗೆ ಹೋಗಬೇಕು. ಇಲ್ಲಿ ಕೊರೆಯುವ ಕೆಲಸವೇ ಇಲ್ಲ, ಚೀಲ ಸಮೇತ ಗುಂಪಾಗಿ ರಕ್ತಕ್ಕೆ ಜಾರಿಬಿಡುತ್ತದೆ.

ಸಿಕೆ19 ಪಾಸಿಟಿವ್, ಕಿ-67 ಇಷ್ಟು ಪರ್ಸೆಂಟ್ ಅಂತ ಇದೆ. ಇವೇನು?

ಸ್ಲೈಡ್ ಮೇಲೆ ಒಂದೊಂದು ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಹಾಕಿ ಕಂದು ಬಣ್ಣ ಬರಿಸುತ್ತಾರೆ. ಲ್ಯಾಬ್‌ನಲ್ಲಿ ಇದಕ್ಕೆ ಐಎಚ್‌ಸಿ ಅನ್ನುತ್ತಾರೆ.

ಸಿಕೆ19 ಸಾಮಾನ್ಯವಾಗಿ ಪಿತ್ತನಾಳದ ಕೋಶಗಳಲ್ಲಿ ಇರುವ ಪ್ರೋಟೀನ್. ಲಿವರ್ ಕೋಶದ ಕ್ಯಾನ್ಸರ್‌ನಲ್ಲಿ ಅದು ಕಂಡರೆ, ಆ ಗಡ್ಡೆಯಲ್ಲಿ ಬುಡಕೋಶದಂಥ (ಸ್ಟೆಮ್ ಸೆಲ್) ಗುಣ ಸೇರಿಕೊಂಡಿದೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನೂರರಲ್ಲಿ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಬಣ್ಣ ಬಂದರೆ ಪಾಸಿಟಿವ್ ಎನ್ನುವುದು ರೂಢಿ. ಪ್ರೋಟೀನ್ ಮಾರ್ಕರ್‌ಗಳ ಪೈಕಿ ಕೆಟ್ಟ ಮುನ್ಸೂಚನೆಗೆ ಪುರಾವೆ ಚೆನ್ನಾಗಿರುವುದು ಇದಕ್ಕೇ.

ಕಿ-67 ಎಷ್ಟು ಕೋಶಗಳು ಒಡೆದು ಎರಡಾಗುವ ಹಾದಿಯಲ್ಲಿವೆ ಎಂದು ತೋರಿಸುತ್ತದೆ. ಜಾಸ್ತಿ ಇದ್ದರೆ ಗಡ್ಡೆ ವೇಗದ್ದು. ಆದರೆ ಲಿವರ್‌ಗೆ ಎಷ್ಟರ ಮೇಲೆ ಜಾಸ್ತಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಒಬ್ಬರು 10 ಅನ್ನುತ್ತಾರೆ, ಇನ್ನೊಬ್ಬರು 20. ಹಾಗಾಗಿ ಈ ಒಂದು ಅಂಕಿ ಹಿಡಿದು ರಾತ್ರಿಯೆಲ್ಲ ಇಂಟರ್ನೆಟ್ ಜಾಲಾಡಬೇಡಿ.

ಗ್ಲಿಪಿಕ್ಯಾನ್-3 ಪಾಸಿಟಿವ್ ಅಂತ ಬಂದಿದೆ. ಭಯವಾಗ್ತಿದೆ.

ಈ ಭಯ ಬಹಳ ಜನರಿಗೆ ಬರುತ್ತದೆ. ಗ್ಲಿಪಿಕ್ಯಾನ್-3, ಎಚ್‌ಎಸ್‌ಪಿ70, ಗ್ಲುಟಮಿನ್ ಸಿಂಥಟೇಸ್ ಈ ಮೂರನ್ನು ಮುಖ್ಯವಾಗಿ ಹಾಕುವುದು ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲು. ಚಿಕ್ಕ ಗಂಟಿನಲ್ಲಿ ಮೂರರಲ್ಲಿ ಎರಡು ಪಾಸಿಟಿವ್ ಇದ್ದರೆ ಎಚ್‌ಸಿಸಿ ಎನ್ನಲು ಬಲವಾದ ಆಧಾರ. ಕ್ಯಾನ್ಸರ್ ಎಂದು ನಿಮಗೆ ಮೊದಲೇ ಗೊತ್ತಿತ್ತಲ್ಲ. ಪಾಸಿಟಿವ್ ಎಂಬ ಮಾತು ಆ ಗೊತ್ತಿದ್ದ ವಿಷಯವನ್ನೇ ಖಚಿತ ಮಾಡಿದೆ ಅಷ್ಟೆ.

ಜೀನ್ ಪರೀಕ್ಷೆ ಮಾಡಿಸಿದರೆ ಇನ್ನೂ ಖಚಿತವಾಗಿ ಗೊತ್ತಾಗುತ್ತದಾ?

ಎಚ್‌ಸಿಸಿಯಲ್ಲಿ ಹೆಚ್ಚು ಕೆಡುವ ಜೀನ್‌ಗಳು ಗೊತ್ತಿವೆ. ಟಿಇಆರ್‌ಟಿ ಜೀನ್‌ನ ಪ್ರೊಮೋಟರ್ ಭಾಗ, ಟಿಪಿ53, ಸಿಟಿಎನ್‌ಎನ್‌ಬಿ1. ಮೂರನೆಯದು ಕೆಟ್ಟ ಗಡ್ಡೆಗಳು ಸಾಮಾನ್ಯವಾಗಿ ಸೌಮ್ಯ. ಪಿತ್ತ ತುಂಬಿಕೊಂಡು, ಕತ್ತರಿಸಿದಾಗ ಕೆಲವೊಮ್ಮೆ ಹಸಿರು ಬಣ್ಣದಲ್ಲಿರುತ್ತವೆ. ಟಿಪಿ53 ಕೆಟ್ಟವು ಒರಟು. ಟಿಪಿ53ಯ 249ನೇ ಜಾಗದಲ್ಲೇ ಒಂದು ನಿರ್ದಿಷ್ಟ ಬದಲಾವಣೆ ಕಂಡರೆ ಅಫ್ಲಾಟಾಕ್ಸಿನ್ ಕೈವಾಡ ಎಂದು ಸಂಶಯಿಸುತ್ತಾರೆ. ತೇವದಲ್ಲಿಟ್ಟ ಶೇಂಗಾ, ಮೆಕ್ಕೆಜೋಳಕ್ಕೆ ಬರುವ ಬೂಷ್ಟಿನ ವಿಷ ಅದು. ಜೀನ್‌ನಲ್ಲಿ ಊಟದ ಗುರುತು ಉಳಿದಿರುತ್ತದೆ ಎಂದರೆ ನನಗೆ ಈಗಲೂ ಅಚ್ಚರಿ.

ಜೀನ್‌ಗಳ ಗುಂಪು ನೋಡಿ ಅಂಕ ಕೊಡುವ ಪದ್ಧತಿಗಳೂ ಬಂದಿವೆ. ಫ್ರಾನ್ಸ್‌ನ ತಂಡವೊಂದು 2013ರಲ್ಲಿ ಐದೇ ಜೀನ್‌ಗಳ ಸ್ಕೋರ್ ಮಾಡಿತು. ಆ ಐದರಲ್ಲಿ ಒಂದು ಕೆಆರ್‌ಟಿ19, ಅಂದರೆ ಮೇಲೆ ಹೇಳಿದ ಸಿಕೆ19 ಪ್ರೋಟೀನಿನ ಜೀನೇ.

ಆದರೆ ಇಷ್ಟು ತಿಳಿದುಕೊಂಡಿದ್ದರಿಂದ ಚಿಕಿತ್ಸೆ ಬದಲಾಗುತ್ತದಾ? ಸದ್ಯಕ್ಕೆ ಎಚ್‌ಸಿಸಿ ಆಪರೇಷನ್ ಆದ ಮೇಲೆ ಜೀನ್ ಫಲಿತಾಂಶ ನೋಡಿ ಈ ಔಷಧಿ ಕೊಡಿ, ಆ ಔಷಧಿ ಬಿಡಿ ಎನ್ನುವ ಮಾಮೂಲಿ ನಿಯಮ ಇಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಹರ್2 ಪಾಸಿಟಿವ್ ಬಂದರೆ ಟ್ರಾಸ್ಟುಜುಮ್ಯಾಬ್ ಕೊಡುತ್ತಾರೆ, ಅಲ್ಲಿ ಮಾರ್ಕರ್‌ಗೂ ಔಷಧಿಗೂ ನೇರ ನಂಟು. ಮುಂದೇನಾಗಬಹುದು ಎಂದು ಹೇಳುವ ಮಾರ್ಕರ್ ಬೇರೆ, ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ಹೇಳುವ ಮಾರ್ಕರ್ ಬೇರೆ. ಲಿವರ್‌ನಲ್ಲಿ ನಮ್ಮ ಬಳಿ ಮೊದಲ ಜಾತಿಯವು ಬೇಕಾದಷ್ಟಿವೆ, ಎರಡನೆಯವಕ್ಕೆ ಬರ. ಸಾಲ ಮಾಡಿ ಜೀನ್ ಪ್ಯಾನೆಲ್ ಮಾಡಿಸುವ ಮೊದಲು 'ಇದರಿಂದ ಚಿಕಿತ್ಸೆ ಏನು ಬದಲಾಗುತ್ತದೆ ಸರ್?' ಎಂದು ಒಂದು ಮಾತು ಕೇಳಿ.

ಗಡ್ಡೆ ಬಿಟ್ಟು ಉಳಿದ ಲಿವರ್ ಭಾಗವನ್ನು ಯಾಕೆ ಪರೀಕ್ಷೆ ಮಾಡುತ್ತಾರೆ?

ಈ ಪ್ರಶ್ನೆ ಕೇಳುವವರು ಕಡಿಮೆ. ನನ್ನ ಪ್ರಕಾರ ಎಲ್ಲರೂ ಕೇಳಬೇಕಾದದ್ದು ಇದೇ.

2008ರಲ್ಲಿ ಯುಜಿನ್ ಹೊಶಿದಾ ಎಂಬ ಸಂಶೋಧಕರು ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಆಪರೇಷನ್ ಆದವರ ತುಂಡುಗಳನ್ನು ಮೇಣದಲ್ಲಿ ಕೂರಿಸಿಟ್ಟ ಹಳೆಯ ಬ್ಲಾಕ್‌ಗಳನ್ನು ತೆಗೆದು ಸಾವಿರಾರು ಜೀನ್‌ಗಳ ಚಟುವಟಿಕೆ ಅಳೆದರು. ಕೆಲವು ಬ್ಲಾಕ್‌ಗಳಿಗೆ 24 ವರ್ಷ ದಾಟಿತ್ತು. ಮೊದಲು ಜಪಾನಿನ ರೋಗಿಗಳಲ್ಲಿ ನೋಡಿ, ಆಮೇಲೆ ಅಮೆರಿಕ ಮತ್ತು ಯುರೋಪಿನವರಲ್ಲಿ ತಾಳೆ ನೋಡಿದರು. ಗಡ್ಡೆಯ ಜೀನ್‌ಗಳಿಂದ ಯಾರು ಹೆಚ್ಚು ದಿನ ಬದುಕುತ್ತಾರೆ ಎಂದು ಹೇಳಲು ಆಗಲಿಲ್ಲ. ಗಡ್ಡೆಯ ಪಕ್ಕದಲ್ಲಿದ್ದ, ಕ್ಯಾನ್ಸರ್ ಇಲ್ಲದ ಲಿವರ್‌ನ 186 ಜೀನ್‌ಗಳು ಅದನ್ನು ಹೇಳಿದವು. ತಡವಾಗಿ ಮರುಕಳಿಸುವುದರ ಜೊತೆಗೂ ಅವಕ್ಕೆ ನಂಟು ಕಂಡಿತು. ಅವರು ಆರಿಸಿಕೊಂಡ ರೋಗಿಗಳಲ್ಲಿ ಹೆಚ್ಚಿನವರ ಗಡ್ಡೆ ಚಿಕ್ಕದು, ಆರಂಭದ ಹಂತದ್ದು. ಅಂಥವರಲ್ಲಿ ಬೀಜಕ್ಕಿಂತ ನೆಲದ ಕತೆಯೇ ದೊಡ್ಡದು ಎಂಬುದು ಸಹಜವೇ.

186 ಜೀನ್ ಪರೀಕ್ಷೆ ನಿಮ್ಮ ಊರಿನ ಲ್ಯಾಬ್‌ನಲ್ಲಿ ಸಿಗುವುದಿಲ್ಲ. ಅದರ ಬಡವರ ರೂಪ ರಿಪೋರ್ಟ್‌ನಲ್ಲೇ ಇದೆ: 'ಬ್ಯಾಕ್‌ಗ್ರೌಂಡ್ ಲಿವರ್' ಎಂಬ ಸಾಲು. ನಾರು ಎಷ್ಟು ಕಟ್ಟಿದೆ, ಸಿರೋಸಿಸ್ (ನಾರು ಕಟ್ಟಿ ಲಿವರ್ ಗಟ್ಟಿಯಾಗಿ ಗಂಟುಗಂಟಾಗುವುದು) ಇದೆಯಾ, ಕೊಬ್ಬು ಎಷ್ಟಿದೆ, ಹೆಪಟೈಟಿಸ್‌ನ ಉರಿ ಇನ್ನೂ ಇದೆಯಾ ಎಂದು ಅಲ್ಲಿ ಬರೆದಿರುತ್ತಾರೆ. ಇಷಾಕ್ ಲೆಕ್ಕದಲ್ಲಿ ನಾರಿಗೆ 0ಯಿಂದ 6ರವರೆಗೆ ಅಂಕ. 5-6 ಎಂದರೆ ಸಿರೋಸಿಸ್ ಶುರುವಾಗಿದೆ ಅಥವಾ ಆಗಿಹೋಗಿದೆ.

ಬೀಜ ಉದುರಿದ್ದರೆ ಕಾಯುವುದು ಬಿಟ್ಟು ಈಗ ಮಾಡಲು ಹೆಚ್ಚೇನಿಲ್ಲ. ನೆಲಕ್ಕೆ ಮಾತ್ರ ಈಗಲೂ ಮದ್ದಿದೆ. ಹೆಪಟೈಟಿಸ್ ಬಿ ಇದ್ದರೆ ಎಂಟೆಕಾವಿರ್ ಅಥವಾ ಟೆನೋಫೋವಿರ್ ಮಾತ್ರೆ ಬಿಡದೆ ತೆಗೆದುಕೊಂಡರೆ ಮರುಕಳಿಸುವ ಅಪಾಯ ತಗ್ಗುತ್ತದೆ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಔಷಧಿಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಆಪರೇಷನ್‌ಗೆ ಲಕ್ಷಗಟ್ಟಲೆ ಸುರಿದು, ಆಮೇಲೆ 'ಈಗ ಚೆನ್ನಾಗಿದ್ದೀನಲ್ಲ' ಎಂದು ಈ ಮಾತ್ರೆ ನಿಲ್ಲಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕುಡಿತದ ವಿಷಯ ಬೇರೆ ಹೇಳಬೇಕಿಲ್ಲ.

ಗಡ್ಡೆಯೊಳಗೆ ರಕ್ಷಣಾ ಕೋಶಗಳು ಇದ್ದರೆ ಒಳ್ಳೆಯದಂತೆ, ನಿಜವಾ?

ಹೌದು, ಬಹುತೇಕ. ಸಿಡಿ3, ಸಿಡಿ8 ಎಂಬ ಟಿ ಕೋಶಗಳು ಗಡ್ಡೆಯ ಒಳಗೆ ತುಂಬಿದ್ದರೆ ಮರುಕಳಿಸುವುದು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಈ ಕೋಶಗಳು ಪುಟ್ಟ ಊರು ಕಟ್ಟಿಕೊಂಡಂತೆ ಒಂದೆಡೆ ಸೇರಿರುವುದೂ ಉಂಟು. ಅದು ಗಡ್ಡೆಯ ಒಳಗೇ ಇದ್ದರೆ ಬೇಗ ಮರುಕಳಿಸುವ ಅಪಾಯ ಕಡಿಮೆ ಕಂಡಿದೆ. ಎಲ್ಲಿದೆ ಎಂಬುದು ಮುಖ್ಯ. ಪಕ್ಕದ ಲಿವರ್‌ನಲ್ಲಿ ಇಂಥ ಗುಂಪುಗಳಿದ್ದರೆ ಅದು ಹಳೆಯ ಉರಿಯ ಗುರುತಾಗಿ ಕೆಟ್ಟದ್ದನ್ನೇ ಸೂಚಿಸಬಹುದು.

ಇಷ್ಟೊಂದು ಮಾರ್ಕರ್ ಇವೆಯಲ್ಲ, ಆಸ್ಪತ್ರೆಯಲ್ಲಿ ಯಾಕೆ ಮಾಡಲ್ಲ?

ಹೊಸ ಮಾರ್ಕರ್ ಸಿಕ್ಕಿತು ಎಂಬ ಸುದ್ದಿಗೆ ಕೊರತೆ ಇಲ್ಲ. ಒಂದು ಆಸ್ಪತ್ರೆಯ ನೂರಿನ್ನೂರು ಹಳೆಯ ಬ್ಲಾಕ್ ತೆಗೆದು, ಒಂದು ಪ್ರೋಟೀನಿಗೆ ಬಣ್ಣ ಹಾಕಿ, ಫಲಿತಾಂಶ ಚೆಂದ ಕಾಣುವ ಕಡೆ ಗೆರೆ ಎಳೆದರೆ ಒಂದು ಲೇಖನ ತಯಾರು. ಬೇರೆ ಊರಿನವರು ಅದನ್ನೇ ಮಾಡಿ ನೋಡಿದರೆ ಅರ್ಧದಷ್ಟೂ ನಿಲ್ಲುವುದಿಲ್ಲ. ಈ ಕಾಟ ತಾಳಲಾರದೆ 2005ರಲ್ಲಿ ರಿಮಾರ್ಕ್ ಎಂಬ ನಿಯಮಾವಳಿ ಬಂತು. ಮಾರ್ಕರ್ ಅಧ್ಯಯನ ಬರೆಯುವವರು ಏನೇನು ಮುಚ್ಚಿಡದೆ ಹೇಳಬೇಕು ಎಂಬ ಪಟ್ಟಿ ಅದು.

ಲಿವರ್‌ನದ್ದೇ ಆದ ಕಷ್ಟಗಳೂ ಇವೆ. ಒಂದೇ ಗಡ್ಡೆಯ ಈ ಮೂಲೆ ಒಂದು ಥರ, ಆ ಮೂಲೆ ಇನ್ನೊಂದು ಥರ. ಸಂಶೋಧನೆಯಲ್ಲಿ ಒಂದು ಮಿಲಿಮೀಟರ್‌ಗೂ ಕಡಿಮೆ ಅಗಲದ ಚುಕ್ಕೆ ತೆಗೆದು ನೋಡುವುದುಂಟು. ಹತ್ತು ಸೆಂಟಿಮೀಟರ್ ಗಡ್ಡೆಯ ಬಗ್ಗೆ ಆ ಚುಕ್ಕೆ ಎಷ್ಟು ನಿಜ ಹೇಳೀತು? ಕಾರಣಗಳೂ ಬೇರೆ. ಹೆಪಟೈಟಿಸ್ ಬಿ ಜಾಸ್ತಿ ಇರುವ ಚೀನಾದಲ್ಲಿ ಗೆದ್ದ ಮಾರ್ಕರ್ ಫ್ಯಾಟಿ ಲಿವರ್‌ನಿಂದ ಬಂದ ಕ್ಯಾನ್ಸರ್‌ನಲ್ಲಿ ಸೋಲಬಹುದು. ಇದೆಲ್ಲ ದಾಟಿ ಬಂದ ಮಾರ್ಕರ್ ಕೂಡ ಗಡ್ಡೆಯ ಗಾತ್ರ, ಸಂಖ್ಯೆ, ಎಂವಿಐ, ಎಎಫ್‌ಪಿ ಇವುಗಳಿಂದ ಈಗಾಗಲೇ ಗೊತ್ತಿರುವುದಕ್ಕಿಂತ ಹೊಸದೇನು ಹೇಳಿತು ಎಂದು ತೋರಿಸಬೇಕು. ಅಲ್ಲಿ ಬಹಳಷ್ಟು ಮಾರ್ಕರ್‌ಗಳು ಮುಗ್ಗರಿಸುತ್ತವೆ.

ಅಪಾಯ ಜಾಸ್ತಿ ಅಂತ ಗೊತ್ತಾದರೆ, ಬರದ ಹಾಗೆ ಔಷಧಿ ಕೊಡಬಹುದಲ್ಲ?

ಪ್ರಯತ್ನಿಸಿದ್ದಾರೆ. ಸ್ಟಾರ್ಮ್ ಎಂಬ ಪ್ರಯೋಗದಲ್ಲಿ 1114 ಜನರಿಗೆ ಆಪರೇಷನ್ ಅಥವಾ ಗಡ್ಡೆಯನ್ನು ಸೂಜಿ ಹಾಕಿ ಸುಡುವ ಚಿಕಿತ್ಸೆ ಆದ ಮೇಲೆ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆ ಇಲ್ಲವೇ ಹೋಲಿಕೆಗೆಂದು ಔಷಧಿಯಿಲ್ಲದ ಸಕ್ಕರೆ ಮಾತ್ರೆ ಕೊಟ್ಟರು. 2015ರಲ್ಲಿ ಫಲಿತಾಂಶ ಬಂತು: ಲಾಭವಿಲ್ಲ. ಆಮೇಲೆ ಐಎಂಬ್ರೇವ್050 ಎಂಬ ಪ್ರಯೋಗ ಬಂತು. ಇದರಲ್ಲಿ 668 ಜನ. ಎಂವಿಐ, ಪೂರ್ ಗ್ರೇಡ್, ಗಡ್ಡೆಯ ಗಾತ್ರ ಮತ್ತು ಸಂಖ್ಯೆ ಇವನ್ನು ನೋಡಿ ಅಪಾಯ ಜಾಸ್ತಿ ಇರುವವರನ್ನೇ ಆರಿಸಿಕೊಂಡಿದ್ದರು. ಅಂದರೆ ಬಯಾಪ್ಸಿ ರಿಪೋರ್ಟಿನ ಸಾಲುಗಳೇ ಪ್ರಯೋಗದ ಬಾಗಿಲಾದವು. ಅಟೆಜೋಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಔಷಧಿಗಳ ಜೋಡಿ ಕೊಟ್ಟವರಲ್ಲಿ 2023ರಲ್ಲಿ ಮರುಕಳಿಸುವುದು ಕಡಿಮೆ ಕಂಡಿತು. ಎಲ್ಲರೂ ಖುಷಿಪಟ್ಟರು. 2024ರಲ್ಲಿ ಇನ್ನಷ್ಟು ದಿನ ಕಾದು ನೋಡಿದಾಗ ಆ ಲಾಭ ಕರಗಿತ್ತು. ಹೀಗಾಗಿ 'ಅಪಾಯ ಜಾಸ್ತಿ' ಎಂದು ಬಂದವರಿಗೆ ಇಂದು ಮುಖ್ಯವಾಗಿ ಸಿಗುವುದು ಹತ್ತಿರದ ನಿಗಾ. ಸಾಮಾನ್ಯವಾಗಿ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಜೊತೆಗೆ ಎಎಫ್‌ಪಿ. ಆಮೇಲೆ ಅಂತರ ಹೆಚ್ಚುತ್ತದೆ. ಬೇಗ ಸಿಕ್ಕರೆ ಮತ್ತೆ ಆಪರೇಷನ್, ಸುಡುವ ಚಿಕಿತ್ಸೆ, ಕೆಲವರಿಗೆ ಲಿವರ್ ಕಸಿ, ಎಲ್ಲ ದಾರಿಗಳೂ ತೆರೆದಿರುತ್ತವೆ.

ಇದೆಲ್ಲ ಆಪರೇಷನ್‌ಗೆ ಮೊದಲೇ ಸೂಜಿ ಹಾಕಿ ನೋಡಬಹುದಿತ್ತಲ್ಲ?

ಸಿರೋಸಿಸ್ ಇರುವವರಲ್ಲಿ ಎಚ್‌ಸಿಸಿಯನ್ನು ಸ್ಕ್ಯಾನ್ ನೋಡಿಯೇ ಹೇಳಬಹುದಾದ್ದರಿಂದ ಎಷ್ಟೋ ಸಲ ಸೂಜಿ ಬಯಾಪ್ಸಿ ಮಾಡುವುದೇ ಇಲ್ಲ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ಉದುರುವ ಸಣ್ಣ ಅಪಾಯವೂ ಇದೆ. ಇನ್ನು ಎಂವಿಐ ಅಂಚಿನಲ್ಲಿರುತ್ತದೆ, ಸೂಜಿಗೆ ಸಿಗುವುದು ಕಷ್ಟ.

ಕಂಪ್ಯೂಟರ್ ಸ್ಲೈಡ್ ನೋಡಿ ಹೇಳುತ್ತದಂತೆ?

2020ರಲ್ಲಿ ಫ್ರಾನ್ಸ್‌ನ ತಂಡವೊಂದು ಮಾಮೂಲಿ ಸ್ಲೈಡ್‌ಗಳ ಚಿತ್ರವನ್ನಷ್ಟೇ ಕೊಟ್ಟು, ಆಪರೇಷನ್ ಆದವರು ಎಷ್ಟು ಕಾಲ ಬದುಕಬಹುದು ಎಂದು ಕಂಪ್ಯೂಟರ್‌ಗೆ ಊಹಿಸಲು ಕಲಿಸಿತು. ಚೆನ್ನಾಗಿಯೇ ಊಹಿಸಿತು. ದಿನನಿತ್ಯದ ರಿಪೋರ್ಟ್‌ಗೆ ಬರಲು ಇನ್ನೂ ಸಮಯವಿದೆ.

ಬ್ಲಾಕ್, ಸ್ಲೈಡ್ ನಾವೇ ಇಟ್ಟುಕೊಳ್ಳಬೇಕಾ?

ಬ್ಲಾಕ್ ಅಂದರೆ ಫಾರ್ಮಾಲಿನ್‌ನಲ್ಲಿ ನೆನೆಸಿದ ತುಂಡನ್ನು ಮೇಣದಲ್ಲಿ ಕೂರಿಸಿದ್ದು. ಆಸ್ಪತ್ರೆಯಲ್ಲೇ ಇರಲಿ, ಮನೆಯ ಬೀರುವಿಗಿಂತ ಅಲ್ಲಿ ಭದ್ರ. ಆದರೆ ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿಕೊಳ್ಳಿ, ಬ್ಲಾಕ್ ನಂಬರ್ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಊರಿನ ಹತ್ತಿರ ಫಾಲೋಅಪ್ ಮಾಡಿಸುವವರು, ಎರಡನೇ ಅಭಿಪ್ರಾಯ ಬೇಕೆನ್ನುವವರು ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆಯಬಹುದು. ಮನೆಗೆ ತಂದರೆ ತಂಪಾದ ಜಾಗದಲ್ಲಿಡಿ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಮೇಣ ಕರಗುತ್ತದೆ.